ಸೋಡಾ ರಾಯರು

ಉಡುಗೊರೆಯೆಂದು ಬಾಟಲಿ ಹಿಡಿದು ಬಂದವರು ಚಪ್ಪಲಿ ಬಿಡುವ ಮೊದಲೇ "ನಿಮ್ಮ ಫ್ರಿಜ್ಜಿನಲ್ಲಿ ಜಾಗ ಇದೆಯಾ?" ಎಂದು ಕೇಳಿದರೆ, ಬಂದವರು ಸೋಡಾ ರಾಯರೆಂದು ತಿಳಿಯಬೇಕು. ಬಾಟಲಿಯನ್ನು ಅವರು ನಿಮ್ಮ ಕೈಗೆ ಕೊಡುವುದಿಲ್ಲ. ಸೀದಾ ಅಡುಗೆಮನೆಗೆ ನಡೆದು, ಫ್ರಿಜ್ಜಿನ ಬಾಗಿಲಲ್ಲಿರುವ ಉಪ್ಪಿನಕಾಯಿ, ಸಾಸು, ಮಕ್ಕಳ ಕೆಮ್ಮಿನ ಔಷಧಿಗಳನ್ನೆಲ್ಲ ಒತ್ತರಿಸಿ, ಅದನ್ನು ನೆಟ್ಟಗೆ ನಿಲ್ಲಿಸಿ, ಬಾಗಿಲು ಮುಚ್ಚಿ, ಒಂದು ಕ್ಷಣ ಕಿವಿಗೊಟ್ಟು ಕೇಳುತ್ತಾರೆ. ಆಮೇಲೆ ಷರತ್ತುಗಳು ಶುರು. ಅಲುಗಾಡಿಸಬಾರದು. ಮಲಗಿಸಬಾರದು. ನಾಳೆ ಸಾಯಂಕಾಲದವರೆಗೆ ಮುಟ್ಟಬಾರದು. "ತೆಗೆಯೋವಾಗ ನನಗೊಂದು ಫೋನ್ ಹಾಕಿ, ಬಂದುಬಿಡ್ತೀನಿ." ಗೃಹಪ್ರವೇಶಕ್ಕೆ ಬಂದ ಗೋಡೆ ಗಡಿಯಾರಗಳು ಎಷ್ಟೋ ವಾಸಿ. ಅಟ್ಟಕ್ಕೆ ಹಾಕಿದರೆ ಕೊಟ್ಟವರು ಕೇಳುವುದಿಲ್ಲ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ರಾಯರು ಇರುವುದು ಮೂರನೇ ಮಹಡಿಯಲ್ಲಿ. ನಿಮ್ಮಲ್ಲಿ ಎರಡನೇ ಮಹಡಿಯಲ್ಲಿರಬಹುದು, ಅಥವಾ ಜಯನಗರದಲ್ಲೋ ಮೈಸೂರಿನ ಸರಸ್ವತಿಪುರದಲ್ಲೋ ಸ್ವಂತ ಮನೆ ಕಟ್ಟಿಕೊಂಡಿರಬಹುದು. ಹೆಸರು ಬೇರೆ ಇದ್ದೀತು, ಜಾಡಿ ಒಂದೇ. ನಮ್ಮವರು ಸಾರ್ವಜನಿಕ ಉದ್ದಿಮೆಯೊಂದರ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಬೇರೆಯವರು ಮಾಡಿದ್ದನ್ನು ಅಳೆದು, ತೂಗಿ, ಬೆಳಕಿಗೆ ಹಿಡಿದು ನೋಡಿ 'ಪಾಸ್' ಎಂದೋ 'ರಿಜೆಕ್ಟ್' ಎಂದೋ ಸೀಲು ಹಾಕುವುದರಲ್ಲೇ ಅವರ ಆಯುಷ್ಯದ ಒಳ್ಳೆಯ ಭಾಗ ಕಳೆಯಿತು. ಸ್ವಂತಕ್ಕೆ ಒಂದು ತಿರುಪು ಮೊಳೆಯನ್ನೂ ಮಾಡಲಿಲ್ಲವಲ್ಲ ಎಂಬ ಕೊರಗು ಒಳಗೆಲ್ಲೋ ಇತ್ತೆಂದು ಕಾಣುತ್ತದೆ. ನಿವೃತ್ತಿಯಾದ ಮೇಲೆ ತಾರಸಿಯಲ್ಲಿ ಬದನೆಕಾಯಿ ಬೆಳೆದರು, ಕೋತಿ ತಿಂದಿತು. ಕಸದಿಂದ ಗೊಬ್ಬರ ಮಾಡಿದರು, ನಾಲ್ಕನೇ ಮಹಡಿಯವರು ದೂರು ಕೊಟ್ಟರು. 2020ರ ಲಾಕ್‌ಡೌನಿನಲ್ಲಿ ಊರಿಗೂರೇ ಬ್ರೆಡ್ಡು ಮಾಡಿದಾಗ ಇವರೂ ಮಾಡಿದರು. ಅದನ್ನು ಕೊಯ್ಯಲು ಹೋಗಿ ಮನೆಯ ಒಳ್ಳೆಯ ಚಾಕುವಿನ ಹಲ್ಲು ಮುರಿಯಿತು. ಆಮೇಲೆ ಶುಂಠಿ ಸಿಕ್ಕಿತು.

ಶುಂಠಿಯ ಸೋಡಾ ಮಾಡುವ ಕ್ರಮ ಕೇಳಿದರೆ ಮೂರು ವಾಕ್ಯದಲ್ಲಿ ಮುಗಿಯುತ್ತದೆ. ಹಸಿ ಶುಂಠಿಯನ್ನು ಸಿಪ್ಪೆ ಸಮೇತ ತುರಿದು, ಅಷ್ಟೇ ಸಕ್ಕರೆ ಸೇರಿಸಿ, ನೀರು ಹಾಕಿ ಗಾಜಿನ ಜಾಡಿಯಲ್ಲಿಟ್ಟು ಬಟ್ಟೆ ಕಟ್ಟುವುದು. ದಿನಾ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಹಾಕಿ ಕಲಕುತ್ತಿದ್ದರೆ ನಾಲ್ಕೈದು ದಿನಕ್ಕೆ ಗುಳ್ಳೆ ಏಳುತ್ತದೆ. ಆ ನೀರನ್ನು ಸೋಸಿ ಹಣ್ಣಿನ ರಸಕ್ಕೋ ಷರಬತ್ತಿಗೋ ಬೆರೆಸಿ, ಬಿಗಿಯಾದ ಬಾಟಲಿಯಲ್ಲಿ ತುಂಬಿ ಎರಡು ದಿನ ಹೊರಗಿಟ್ಟರೆ ಸೋಡಾ. ರಾಯರು ಇದನ್ನು ಹೇಳಲು ಒಂದು ಸಂಜೆ ತೆಗೆದುಕೊಳ್ಳುತ್ತಾರೆ.

ಶುಂಠಿಯಿಂದಲೇ ಶುರು ಮಾಡೋಣ, ಅವರಂತೂ ಅಲ್ಲಿಂದಲೇ ಶುರು ಮಾಡುವುದು. ತೊಳೆದು ಹೊಳಪು ಬಂದ ಶುಂಠಿ ಅವರಿಗೆ ಆಗದು. ಗಾಂಧಿಬಜಾರಿನಲ್ಲಿ ತರಕಾರಿಯವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮೂಟೆಯ ತಳದಿಂದ ಮಣ್ಣು ಮೆತ್ತಿದ್ದನ್ನೇ ಹೆಕ್ಕುತ್ತಾರೆ. ಮಣ್ಣಿನ ತೂಕಕ್ಕೂ ದುಡ್ಡು ಕೊಡುವ ಗಿರಾಕಿಯನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಈಗ ಇವರಿಗೆಂದೇ ಒಂದು ಗುಡ್ಡೆ ಪಕ್ಕಕ್ಕಿಡುತ್ತಾಳೆ. "ಇದು ಹಾಸನದ ಕಡೆಯದಾ, ಶಿವಮೊಗ್ಗದ ಕಡೆಯದಾ?" ಎಂದು ರಾಯರು ಕೇಳಿದರೆ "ಮಾರ್ಕೆಟ್ ಕಡೇದು ಸ್ವಾಮಿ" ಎನ್ನುತ್ತಾಳೆ. ರಾಯರ ವಾದದಲ್ಲಿ ತಥ್ಯವಿಲ್ಲದೆ ಇಲ್ಲ. ಗುಳ್ಳೆ ಬರಿಸುವ ಯೀಸ್ಟು, ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಎರಡೂ ಶುಂಠಿಯ ಸಿಪ್ಪೆಯ ಮೇಲೇ ಮನೆಮಾಡಿಕೊಂಡಿರುತ್ತವೆ. ಸಿಪ್ಪೆ ಹೆರೆದರೆ ಮನೆಯವರನ್ನೇ ಎತ್ತಿ ಬೀದಿಗೆ ಹಾಕಿದಂತೆ. ಹಾಗಾಗಿ ಆ ಮನೆಯಲ್ಲಿ ಚಹಾಕ್ಕೆ ಹಾಕುವ ಶುಂಠಿ ಬೇರೆ, ಜಾಡಿಯ ಶುಂಠಿ ಬೇರೆ. ಎರಡು ಬುಟ್ಟಿ. ಒಮ್ಮೆ ಕೆಲಸದಾಕೆ ಜಾಡಿಯ ಶುಂಠಿಯನ್ನು ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ತೊಳೆದಿಟ್ಟಳು. ರಾಯರು ಆ ದಿನ ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲವಂತೆ.

ಆಮೇಲೆ ನೀರು. ಕಾವೇರಿ ನೀರು ನೂರು ಕಿಲೋಮೀಟರು ದೂರದಿಂದ ಪಂಪಾಗಿ ಬಂದು ನಲ್ಲಿಯಲ್ಲಿ ಬೀಳುವಾಗ ಕ್ಲೋರಿನ್ ಹಾಕಿಸಿಕೊಂಡೇ ಬೀಳುತ್ತದೆ. ನಮ್ಮ ಹೊಟ್ಟೆಗೆ ಅದು ಒಳ್ಳೆಯದು, ಜಾಡಿಯೊಳಗಿನವರಿಗೆ ಕೆಟ್ಟದ್ದು. ಆದ್ದರಿಂದ ನೀರನ್ನು ಕುದಿಸಿ, ಅಗಲವಾದ ಪಾತ್ರೆಗೆ ಹಾಕಿ, ರಾತ್ರಿಯಿಡೀ ತೆರೆದಿಡಬೇಕು. ರಾಯರ ಮನೆಯಲ್ಲಿ ಬೆಳಗ್ಗೆ ಎದ್ದರೆ ಸಾರಿನ ಪಾತ್ರೆ, ಹಾಲಿನ ಪಾತ್ರೆ, ಹಬ್ಬಕ್ಕೆ ಮಾತ್ರ ಇಳಿಸುವ ಕಂಚಿನ ಬೋಗುಣಿ ಎಲ್ಲದರಲ್ಲೂ ನೀರು ಆರುತ್ತಿರುತ್ತದೆ. "ರೀ, ಕಾಫಿಗೆ ಹಾಲು ಯಾವುದರಲ್ಲಿ ಕಾಯಿಸಲಿ?" ಎಂದು ಅವರ ಮನೆಯವರು ಕೇಳುತ್ತಾರೆ. ಅದಕ್ಕೆ ರಾಯರು ಕ್ಲೋರಿನ್ ಬಗ್ಗೆ ಉತ್ತರ ಕೊಡುತ್ತಾರೆ.

ಜಾಡಿಯ ಪಕ್ಕದಲ್ಲೊಂದು ದಪ್ಪ ರಟ್ಟಿನ ಲೆಡ್ಜರು. ತಾರೀಕು, ಬೆಳಗಿನ ಉಷ್ಣಾಂಶ, ಸಂಜೆಯ ಉಷ್ಣಾಂಶ, ಹಾಕಿದ ಶುಂಠಿ, ಹಾಕಿದ ಸಕ್ಕರೆ, ವಾಸನೆ, ಗುಳ್ಳೆ. ಗುಳ್ಳೆಯ ಕಾಲಮ್ಮಿನಲ್ಲಿ 'ಸಣ್ಣ', 'ಮಧ್ಯಮ', 'ತೃಪ್ತಿಕರ' ಎಂಬ ಮೂರೇ ಷರಾ. ಕೆಳಗೆ ಸಣ್ಣ ಸಹಿ. ಯಾರೂ ಕೇಳದ ಈ ದಾಖಲೆಯನ್ನು ಅವರು ಎಂದೂ ತಪ್ಪಿಸಿಲ್ಲ. ಆಡಿಟ್ ಬಂದರೆ ಇರಲಿ ಎಂಬ ಹಳೆಯ ಅಭ್ಯಾಸ. ಜಾಡಿಯನ್ನು ಹೊಸಬರಿಗೆ ತೋರಿಸುವಾಗ ಬಟ್ಟೆಯ ರಬ್ಬರ್‌ಬ್ಯಾಂಡು ಬಿಚ್ಚಿ, "ಕಿವಿ ಕೊಡಿ" ಎನ್ನುತ್ತಾರೆ. ನಾನೂ ಕೊಟ್ಟಿದ್ದೇನೆ. ಸುಳ್ಳಲ್ಲ, ಕೇಳಿಸುತ್ತದೆ. ಶುಂಠಿಯ ತುರಿಯೆಲ್ಲ ಮೇಲೆದ್ದು ಬಂದು ಒತ್ತೊತ್ತಾಗಿ ನಿಂತಿರುತ್ತದೆ, ಅದರ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದು ಒಡೆಯುತ್ತಿರುತ್ತವೆ, ಹತ್ತಿರ ಹೋದರೆ ಸಣ್ಣಗೆ ಚಿಟಿಚಿಟಿ ಸದ್ದು. ಮೂಗಿಗೆ ಮೊದಲು ಶುಂಠಿಯ ಖಾರ, ಅದರ ಹಿಂದೆಯೇ ಮಾಗಿದ ಬಾಳೆಹಣ್ಣಿನದೊಂದು ವಾಸನೆ. ಅಷ್ಟು ಹೊತ್ತು ರಾಯರು ಜಾಡಿಯನ್ನಲ್ಲ, ನಮ್ಮ ಮುಖವನ್ನು ನೋಡುತ್ತಿರುತ್ತಾರೆ.

ಅಲ್ಲೇ ಇರುವುದು ಅವರ ಗುಟ್ಟು. ಮನೆಯಲ್ಲಿ ಸೋಡಾ ಮಾಡುವವರು ಕುಡಿಯಲಿಕ್ಕೆ ಮಾಡುತ್ತಾರೆಂದು ನಾವು ತಿಳಿದಿರುತ್ತೇವೆ. ಅವರು ಮಾಡುವುದು ಬಾಟಲಿ ತೆಗೆಯಲಿಕ್ಕೆ. ತೆಗೆಯುವಾಗ ಎದುರಿಗೆ ಯಾರಾದರೂ ಇರಬೇಕು. ಕುಡಿಯುವುದು ಆಮೇಲಿನ ಔಪಚಾರಿಕತೆ, ಅದನ್ನು ಯಾರು ಮಾಡಿದರೂ ನಡೆಯುತ್ತದೆ.

ತೆಗೆಯುವ ವಿಧಿ ಹೀಗೆ. ಫ್ರಿಜ್ಜಿನಿಂದ ಬಾಟಲಿ ಬರುತ್ತದೆ. ತಣ್ಣಗಿದ್ದರೆ ಗ್ಯಾಸು ನೀರಿನಲ್ಲೇ ಕರಗಿ ತೆಪ್ಪಗಿರುತ್ತದೆ, ಬಿಸಿಯಿದ್ದರೆ ನುಗ್ಗಿಕೊಂಡು ಬರುತ್ತದೆ, ಇದು ನಿಯಮ. ಬಾಟಲಿಯನ್ನು ಸಿಂಕಿನಲ್ಲಿ ನಿಲ್ಲಿಸುವುದು. ಕುತ್ತಿಗೆಗೆ ಟವೆಲ್ಲು. "ಸ್ವಲ್ಪ ಹಿಂದೆ ನಿಲ್ಲಿ. ಮಕ್ಕಳು ಇನ್ನೂ ಹಿಂದೆ. ಇದರೊಳಗೆ ಎಷ್ಟು ಒತ್ತಡ ಇದೆ ಗೊತ್ತಾ?" ಎನ್ನುವುದು. ಮುಚ್ಚಳಕ್ಕೆ ಕೈ ಹಾಕಿ ಎಲ್ಲರನ್ನೂ ಒಮ್ಮೆ ನೋಡುವುದು. ಟಿಸ್ಸ್! ಆ ಸದ್ದು ಜೋರಾಗಿ ಬಂದ ದಿನ ರಾಯರು ಐದು ವರ್ಷ ಚಿಕ್ಕವರಾಗುತ್ತಾರೆ. ಸಪ್ಪಗೆ 'ಪುಸ್' ಎಂದ ದಿನ ಬಾಟಲಿಯನ್ನು ಬೆಳಕಿಗೆ ಹಿಡಿದು, "ಮುಚ್ಚಳದ ವಾಷರ್ ಲೂಸು" ಎನ್ನುತ್ತಾರೆ. ತಪ್ಪು ಜಾಡಿಯದಾಗಿರಲು ಸಾಧ್ಯವೇ ಇಲ್ಲ. ಒಮ್ಮೆ ಪುನರ್ಪುಳಿ ಸೋಡಾವನ್ನು ತಣಿಸದೆ ತೆಗೆದರು. ಮಂಗಳೂರಿನ ಬಂಧುಗಳು ಬಂದಿದ್ದರು, ಬಸ್ಸಿನ ಹೊತ್ತಾಗಿತ್ತು, ಅವರಿಗೆ ಸದ್ದು ಕೇಳಿಸದೆ ಕಳಿಸಲು ಮನಸ್ಸು ಬರಲಿಲ್ಲ. ಅಡುಗೆಮನೆಯ ಚಾವಣಿಯ ಮೇಲೆ ಆ ಕೆಂಪು ಇವತ್ತಿಗೂ ಇದೆ. ಸುಣ್ಣ ಹೊಡೆಸೋಣವೆಂದು ಮನೆಯವರು ಹೇಳಿದಾಗಲೆಲ್ಲ ರಾಯರು ಮಾತು ಬದಲಿಸುತ್ತಾರೆ. ಆ ಕಲೆಯನ್ನು ಬಂದವರಿಗೆ ತೋರಿಸುವ ರೀತಿ ನೋಡಿದರೆ ಅದು ಅವರಿಗೆ ಸಿಕ್ಕ ಪ್ರಶಸ್ತಿಪತ್ರವೆಂದೇ ಅನ್ನಿಸುತ್ತದೆ.

ಲೋಟಕ್ಕೆ ಬಗ್ಗಿಸಿದ ಮೇಲಾದರೂ ಕುಡಿಯಲು ಬಿಡುತ್ತಾರೆಯೇ? ಆಗ ಚರಿತ್ರೆ ಶುರುವಾಗುತ್ತದೆ. ಜೋಸೆಫ್ ಪ್ರೀಸ್ಟ್‌ಲಿ ಎಂಬ ಪಾದ್ರಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಬಿಯರು ತಯಾರಿಸುವ ಜಾಗದ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದನಂತೆ. 1767ರಲ್ಲಿ, ಹುದುಗುತ್ತಿದ್ದ ತೊಟ್ಟಿಯ ಮೇಲೆ ನಿಂತ ಗಾಳಿಯಲ್ಲಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ದು ನೋಡಿದ, ನೀರು ಚುರುಗುಟ್ಟಿತು. ಅದೇ ಸೋಡಾ. 1783ರಲ್ಲಿ ಜಿನೀವಾದ ಗಡಿಯಾರದ ಕಸುಬಿನವನಾದ ಜೇಕಬ್ ಶ್ವೆಪ್ ಅದನ್ನೇ ಯಂತ್ರದಲ್ಲಿ ಮಾಡಿ ಮಾರಾಟಕ್ಕಿಟ್ಟ. "ನೋಡಿ ಸ್ವಾಮಿ, ಮೊದಲನೇ ಸೋಡಾ ಹುದುಗಿನಿಂದಲೇ ಬಂದದ್ದು. ಈ ಸಿಲಿಂಡರ್ ಗಿಲಿಂಡರ್ ಎಲ್ಲ ಆಮೇಲಿನ ಭ್ರಷ್ಟಾಚಾರ." ಗೋಲಿ ಸೋಡಾದ ಬಾಟಲಿ ಹೈರಮ್ ಕಾಡ್ ಎಂಬವನ 1872ರ ಪೇಟೆಂಟು. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ಮೇಲಕ್ಕೆ ತಳ್ಳಿ ಬಾಯಿ ಮುಚ್ಚಿಸುತ್ತದೆ, ಬೇರೆ ಬಿರಡೆ ಬೇಕಿಲ್ಲ. ಇದನ್ನು ಹೇಳುವಾಗ ತಪಾಸಣೆ ವಿಭಾಗದ ರಾಯರ ಕಣ್ಣು ತುಂಬಿ ಬರುತ್ತದೆ. ಆದರೆ ಅವರ ಮನಸ್ಸಿಗೆ ಹತ್ತಿರವಾದವನು ಹ್ಯಾರಿ ಮಾರ್ಷಲ್ ವಾರ್ಡ್. 1880ರಲ್ಲಿ ಸಿಲೋನಿನ ಕಾಫಿ ತೋಟಗಳನ್ನು ತಿನ್ನುತ್ತಿದ್ದ ತುಕ್ಕು ರೋಗವನ್ನು ಪರಿಶೀಲಿಸಲು ಹೋಗಿದ್ದವನು. ಇಂಗ್ಲೆಂಡಿಗೆ ಮರಳಿದ ಮೇಲೆ ಅಲ್ಲಿಯ ಮನೆಗಳಲ್ಲಿ ಶುಂಠಿ ಬಿಯರಿಗೆ ಹಾಕುತ್ತಿದ್ದ ಅಂಟಂಟಾದ ಬಿಳಿ ಹರಳುಗಳನ್ನು ಹಿಡಿದು ಕೂತ. ಅವು ಯೀಸ್ಟು ಮತ್ತು ಬ್ಯಾಕ್ಟೀರಿಯಾ ಒಟ್ಟಿಗೆ ನಡೆಸುವ ಸಂಸಾರ, ಒಂದನ್ನು ಬಿಟ್ಟು ಇನ್ನೊಂದಿಲ್ಲ, ಎಂದು 1892ರಲ್ಲಿ ಪ್ರಕಟಿಸಿದ. "ಕಾಫಿಯಿಂದ ಶುಂಠಿಗೆ ಬಂದವನು! ನನ್ನ ಹಾಗೇನೇ" ಎನ್ನುತ್ತಾರೆ ರಾಯರು. ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವವರು ಕಾಫಿಯನ್ನು ಯಾವಾಗ ಬಿಟ್ಟು ಬಂದರೋ ತಿಳಿಯದು.

ಇಷ್ಟೂ ಮುಗಿಯುವಷ್ಟರಲ್ಲಿ ಲೋಟದಲ್ಲಿದ್ದ ಗ್ಯಾಸು ಪ್ರೀಸ್ಟ್‌ಲಿಯ ಕಾಲಕ್ಕೇ ಹೊರಟುಹೋಗಿರುತ್ತದೆ. ಉಳಿದ ಹುಳಿ-ಸಿಹಿ ಶುಂಠಿ ನೀರನ್ನು ನಾವು ಗಟಗಟ ಕುಡಿದು "ಚೆನ್ನಾಗಿದೆ ರಾಯರೇ" ಎನ್ನುತ್ತೇವೆ. ನಿಜಕ್ಕೂ ಚೆನ್ನಾಗಿಯೇ ಇರುತ್ತದೆ. ಅಂಗಡಿ ಸೋಡಾದ ಹಾಗೆ ಮೂಗಿಗೆ ರಪ್ಪನೆ ಹೊಡೆಯುವುದಿಲ್ಲ, ನಾಲಿಗೆಯ ಮೇಲೆ ಮೆಲ್ಲಗೆ ಓಡಾಡುತ್ತದೆ. ನೇರಳೆ ಹಣ್ಣಿನದನ್ನೂ ಸೊಗದೆ ಬೇರಿನದನ್ನೂ ನಾನು ಕೇಳಿ ಎರಡನೇ ಲೋಟ ಹಾಕಿಸಿಕೊಂಡಿದ್ದೇನೆ. ಬೆಟ್ಟದ ನೆಲ್ಲಿಕಾಯಿಯದನ್ನು ಮಾತ್ರ ನನ್ನ ಶತ್ರುವಿಗೂ ಶಿಫಾರಸು ಮಾಡಲಾರೆ.

ಬಾಟಲಿಗಳದೇ ಒಂದು ಪುರಾಣ. ಕಂಡಕಂಡ ಬಾಟಲಿಯಲ್ಲಿ ಇದನ್ನು ತುಂಬುವಂತಿಲ್ಲ. ವಿಸ್ಕಿ ಬಾಟಲಿಗೆ ಎಷ್ಟೇ ಚಂದದ ಆಕಾರವಿದ್ದರೂ ಅದು ಒತ್ತಡ ತಡೆಯಲು ಮಾಡಿದ್ದಲ್ಲ. ಬಿಯರ್ ಬಾಟಲಿ ತಡೆಯುತ್ತದೆ. ಈ ಸತ್ಯ ತಿಳಿದಂದಿನಿಂದ, ಗುರುವಾರ ಒಪ್ಪತ್ತು ಮಾಡುವ, ಮದ್ಯದ ಅಂಗಡಿಯಿರುವ ಫುಟ್‌ಪಾತನ್ನು ಬಿಟ್ಟು ಎದುರಿನ ಫುಟ್‌ಪಾತಿನಲ್ಲಿ ನಡೆಯುವ ರಾಯರು, ಭಾನುವಾರ ಬೆಳಗ್ಗೆ ಐದನೇ ಮಹಡಿಯ ಸಾಫ್ಟ್‌ವೇರ್ ಹುಡುಗರ ಬಾಗಿಲು ತಟ್ಟತೊಡಗಿದರು. "ನಿನ್ನೆ ಪಾರ್ಟಿ ಏನಾದ್ರೂ ಇತ್ತೇನಪ್ಪಾ?" ಹುಡುಗರು ಮೊದಲ ಸಲ ದೂರು ಹೇಳಲು ಬಂದರೆಂದು ತಿಳಿದು ಕ್ಷಮೆ ಕೇಳಿದರು. ಎರಡನೇ ಸಲದಿಂದ ತೊಳೆದು ಇಟ್ಟಿರುತ್ತಿದ್ದರು. ತಂತಿಯ ಕ್ಲಿಪ್ಪಿನ ಮುಚ್ಚಳವಿರುವ ಪರದೇಶದ ಬಾಟಲಿ ಸಿಕ್ಕಿದ ದಿನ ರಾಯರು ಅದನ್ನು ಕೊಟ್ಟ ಹುಡುಗನನ್ನು ಮನೆಗೆ ಕರೆದು ಹೋಳಿಗೆ ಹಾಕಿಸಿದರು. ಅಂಥ ಬಾಟಲಿಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು, ಕಿಣಿಕಿಣಿ ಸದ್ದಿನೊಂದಿಗೆ, ಹಣೆಯಲ್ಲಿ ಅಂಗಾರ ಅಕ್ಷತೆ ಇಟ್ಟು ಲಿಫ್ಟಿನಲ್ಲಿ ಇಳಿಯುವ ರಾಯರನ್ನು ಕಂಡು ಹೊಸ ಬಾಡಿಗೆದಾರರು ಏನು ತಿಳಿದುಕೊಂಡರೋ ದೇವರೇ ಬಲ್ಲ.

ಎಲ್ಲಕ್ಕಿಂತ ಕ್ಷೇಮವಾದದ್ದು ಕೋಲಾ ಬರುವ ಪ್ಲಾಸ್ಟಿಕ್ ಬಾಟಲಿ. ಗ್ಯಾಸಿಗೆಂದೇ ಮಾಡಿದ್ದು, ಮೇಲಾಗಿ ಬೆರಳಿನಿಂದ ಒತ್ತಿ ನೋಡಬಹುದು. ಗಟ್ಟಿಯಾಗಿದ್ದರೆ ಸೋಡಾ ಆಗಿದೆ, ಫ್ರಿಜ್ಜಿಗೆ ಹೋಗಲಿ ಎಂದರ್ಥ. ಕಂಪನಿ ಪಾನೀಯಗಳನ್ನು 'ಬಣ್ಣದ ವಿಷ' ಎಂದು ಕರೆಯುತ್ತ ಬಂದ ರಾಯರಿಗೆ ಈಗ ವಾರಕ್ಕೊಂದು ಖಾಲಿ ಕೋಲಾ ಬಾಟಲಿ ಬೇಕು. ಖಾಲಿ ಮಾಡುವವರು ಯಾರು? ಬೇಸಿಗೆ ರಜಕ್ಕೆ ಬಂದಿದ್ದ ಮೊಮ್ಮಗನಿಗೆ ಆ ವರ್ಷದ ಸುಖವೇ ಸುಖ. ತಾತನ ನೈಸರ್ಗಿಕ ಸೋಡಾ ಚಳವಳಿಗೆ ಅವನು ತನ್ನ ಕೈಲಾದ ಸೇವೆ ಸಲ್ಲಿಸಿ, ಪುಣೆಗೆ ಮರಳುವಾಗ ಒಂದು ಸುತ್ತು ದಪ್ಪಗಾಗಿದ್ದ.

ಏಪ್ರಿಲ್ ತಿಂಗಳ ಆ ರಾತ್ರಿಯ ವಿಷಯ ನಮ್ಮ ಅಸೋಸಿಯೇಷನ್ನಿನ ನಡಾವಳಿ ಪುಸ್ತಕದಲ್ಲೂ ಇದೆ. ಎರಡು ಗಂಟೆಗೆ 'ಢಮಾರ್' ಎಂದಿತು. ಸೆಕ್ಯುರಿಟಿಯವನು ಟ್ರಾನ್ಸ್‌ಫಾರ್ಮರ್ ಹೋಯಿತೆಂದು ಓಡಿದ, ಒಂದನೇ ಮಹಡಿಯವರು ಸಿಲಿಂಡರ್ ಎಂದರು, ನಾಯಿಗಳಿಗೆ ಮಾತ್ರ ಸಂಶಯವಿರಲಿಲ್ಲ, ಮೂರನೇ ಮಹಡಿಯ ಕಡೆಗೇ ಮುಖ ಮಾಡಿ ಬೊಗಳುತ್ತಿದ್ದವು. ಎರಡನೇ ಢಮಾರಿಗೆ ರಾಯರು ಬಾಲ್ಕನಿಗೆ ಬಂದು, "ಏನಿಲ್ಲ, ಏನಿಲ್ಲ, ಮಾವಿನಕಾಯಿ" ಎಂದು ಸಾರಿದರು. ಮರುದಿನದ ಮೀಟಿಂಗಿನಲ್ಲಿ ಅವರು ಲೆಡ್ಜರು ಸಮೇತ ಹಾಜರಾದರು. ಒಂದು ಗ್ರಾಂ ಸಕ್ಕರೆಯನ್ನು ಯೀಸ್ಟು ತಿಂದರೆ ಹತ್ತಿರ ಹತ್ತಿರ ಅರ್ಧ ಗ್ರಾಂ ಇಂಗಾಲಾಮ್ಲ ಬರುತ್ತದೆ. ಲೀಟರಿಗೆ ನಾಲ್ಕು ಗ್ರಾಂ ಗ್ಯಾಸಿದ್ದರೆ ಹದವಾದ ಸೋಡಾ, ಅದಕ್ಕೆ 8 ಗ್ರಾಂ ಸಕ್ಕರೆ ಸಾಕು. ಆದರೆ ರುಚಿಗೆಂದು ಹಾಕುವುದು 80 ಗ್ರಾಂ. ಎರಡು ದಿನಕ್ಕೆ ಫ್ರಿಜ್ಜಿಗೆ ಸೇರಿಸಿದರೆ ಯೀಸ್ಟು ನಿದ್ದೆಹೋಗುತ್ತದೆ, ಮರೆತು ಸೆಕೆಯಲ್ಲಿ ಬಿಟ್ಟರೆ ಅದು ತಿನ್ನುತ್ತಲೇ ಹೋಗುತ್ತದೆ. "ಅಂದರೆ ಹತ್ತರಷ್ಟು ಗ್ಯಾಸು. ಬಾಟಲಿದೇನು ತಪ್ಪು?" ಎಂದು ರಾಯರು ಸಭೆಯನ್ನೇ ಕೇಳಿದರು. ಬಾಟಲಿಯದು ತಪ್ಪೆಂದು ಯಾರೂ ಹೇಳಿರಲಿಲ್ಲ. ಕೊನೆಗೆ, ಬಾಟಲಿಗಳನ್ನು ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಟಬ್ಬಿನಲ್ಲೇ ಇಡತಕ್ಕದ್ದು, ಮರೆಯತಕ್ಕದ್ದಲ್ಲ ಎಂದು ನಿರ್ಣಯವಾಯಿತು. ಗಾಜು, ಅಂಟು, ಅದರ ಮೇಲೆ ಹರಿದ ಇರುವೆಗಳು ಇವುಗಳ ಬಗ್ಗೆ ನಿರ್ಣಯವಾಗಲಿಲ್ಲ, ಅದನ್ನು ಅವರ ಮನೆಯವರು ಬೆಳಗ್ಗೆಯೇ ಒರೆಸಿದ್ದರು.

ಆ ಲೆಕ್ಕದ ಇನ್ನೊಂದು ಅರ್ಧವನ್ನು ರಾಯರು ಸಭೆಯಲ್ಲಿ ಹೇಳಲಿಲ್ಲ. ಅರ್ಧ ಗ್ರಾಂ ಗ್ಯಾಸು ಬಂತು, ಸಕ್ಕರೆಯ ಉಳಿದರ್ಧ ಎಲ್ಲಿಗೆ ಹೋಯಿತು? ಪಾಪದ ಪ್ರಶ್ನೆ. ಅದನ್ನು ಕೇಳಿದವನು ಐದನೇ ಮಹಡಿಯ ಹುಡುಗನೇ. ಅವನೂ ಈಗ ಚಹಾದ ಕಷಾಯದಲ್ಲಿ ದೋಸೆಯಷ್ಟು ಅಗಲದ ಯಾವುದೋ ಕೆನೆ ಬೆಳೆಸಿ ಕೊಂಬುಚಾ ಮಾಡುತ್ತಾನೆ, ರಾಯರ ಕಿರಿಯ ಆವೃತ್ತಿ. "ಅಂಕಲ್, ಮಿಕ್ಕಿದ್ದು ಆಲ್ಕೋಹಾಲ್ ಅಲ್ವಾ?" ಎಂದ. ಹೌದು. ಹದವಾದ ಸೋಡಾದಲ್ಲಿ ಶೇಕಡಾ ಅರ್ಧದಷ್ಟು. ಈ ಅರ್ಧ ಪರ್ಸೆಂಟು ರಾಯರ ನಿದ್ದೆ ಕೆಡಿಸಿತು. ಕಳಿತ ಬಾಳೆಹಣ್ಣಿನಲ್ಲೂ ಇದೆ, ಬ್ರೆಡ್ಡಿನಲ್ಲೂ ಸ್ವಲ್ಪ ಉಳಿದಿರುತ್ತದೆ ಎಂದು ಓದಿ ಸಮಾಧಾನ ಮಾಡಿಕೊಂಡರು. ಆದರೂ ಮನೆಯವರ ಕಿವಿಗೆ ಹಾಕಿಬಿಡುವುದು ಮೇಲೆಂದು ಒಂದು ದಿನ ಪೀಠಿಕೆ ಹಾಕಿದರು.

"ಇವಳೇ, ಇದರಲ್ಲಿ ಒಂಚೂರು, ಅಂದರೆ ಲೆಕ್ಕಕ್ಕೆ ಬಾರದಷ್ಟು..."

"ಗೊತ್ತು. ಮೊದಲನೇ ದಿನವೇ ವಾಸನೆ ಬಂತು."

"ಮತ್ತೆ ಹೇಳಲಿಲ್ಲ?"

"ನೀವು ಏಕಾದಶಿ ದಿನ ಕುಡಿಯಲ್ಲವಲ್ಲ, ಸುಮ್ಮನಿದ್ದೆ."

ಈಕೆಯ ಬಗ್ಗೆ ಎರಡು ಮಾತು ಹೇಳಬೇಕು. ವಾರಕ್ಕೆ ಮೂರು ರಾತ್ರಿ ಉದ್ದು ಅಕ್ಕಿ ರುಬ್ಬಿ, ಕೈಯಲ್ಲೇ ಕಲಸಿ, ತಟ್ಟೆ ಮುಚ್ಚಿ ಮಲಗುತ್ತಾರೆ. ಬೆಳಗ್ಗೆ ಹಿಟ್ಟು ಉಬ್ಬಿ ತಟ್ಟೆಯನ್ನೆತ್ತಿರುತ್ತದೆ. ರಾಯರು ಒಮ್ಮೆ ಅದರ ಪಕ್ಕದಲ್ಲಿ ನಿಂತು, ಇದನ್ನು ಉಬ್ಬಿಸುವುದು ಲ್ಯೂಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಎಂದು ತಿಳಿಸಿದರು. "ಇರಬಹುದು, ಸ್ವಲ್ಪ ಸರೀರಿ" ಎಂದು ಆಕೆ ಇಡ್ಲಿ ತಟ್ಟೆಗೆ ಎಣ್ಣೆ ಸವರಿದರು. ಹಾಗೆಂದು ಜಾಡಿಯ ಮೇಲೆ ಆಕೆಗೆ ತಿರಸ್ಕಾರವಿದೆ ಎಂದಲ್ಲ. ರಾಯರು ಮಂತ್ರಾಲಯಕ್ಕೋ ಮಗಳ ಮನೆಗೋ ಹೋದಾಗ ಅದಕ್ಕೆ ಶುಂಠಿ ಸಕ್ಕರೆ ಬೀಳುವುದು ಆಕೆಯ ಕೈಯಿಂದಲೇ. ಇಬ್ಬರೂ ಹೋಗುವಾಗ ಜಾಡಿ ನಮ್ಮ ಮನೆಗೆ ಬರುತ್ತದೆ, ಟೈಪ್ ಮಾಡಿದ ಸೂಚನಾಪಟ್ಟಿಯ ಜೊತೆಗೆ. ಫ್ರಿಜ್ಜಿನಲ್ಲಿಟ್ಟರೆ ವಾರಕ್ಕೊಮ್ಮೆ ಉಣಿಸಿದರೂ ನಡೆಯುತ್ತದೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ರಾಯರು ಒಪ್ಪುವುದಿಲ್ಲ. "ಪಾಪ, ಚಳಿ." ರಾತ್ರಿ ಎಂಟಕ್ಕೆ ವಿಡಿಯೋ ಕರೆ. ನಮ್ಮ ಯೋಗಕ್ಷೇಮ ವಿಚಾರಿಸುವುದು ಜಾಡಿಯನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ ಮೇಲೆ. ನಮ್ಮ ಮನೆಯ ಕೆಲಸದಾಕೆ ಮಂಡ್ಯದವಳು, ಬಟ್ಟೆ ಬಿಚ್ಚಿ ಮೂಸಿ, "ಹುಳಿ ಬಂದೈತೆ ಕಣಕ್ಕಾ, ಚೆಲ್ಲಿಬಿಡ್ಲಾ?" ಎಂದಳು ನನ್ನ ಹೆಂಡತಿಗೆ. ಅದು ರಾಯರ ಕಿವಿಗೆ ಬೀಳಲಿಲ್ಲ, ಪುಣ್ಯ.

ರಾಮನವಮಿ ಬಂತು. ಅಪಾರ್ಟ್‌ಮೆಂಟಿನ ಗಣಪತಿ ಗುಡಿಯ ಮುಂದೆ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವುದು ನಮ್ಮಲ್ಲಿ ವಾಡಿಕೆ. ಆ ವರ್ಷ ರಾಯರು ಸಭೆಯಲ್ಲಿ ಎದ್ದು ನಿಂತು, ಪಾನಕವನ್ನು 'ಜೀವಂತ' ಮಾಡಿಕೊಡುವುದಾಗಿ ಹೇಳಿದರು. ಬೆಲ್ಲ ಇದೆ, ನಿಂಬೆ ಇದೆ, ಶುಂಠಿ ಇದೆ, ಇನ್ನೇನು ಬೇಕು? ಹುಡುಗರು ಚಪ್ಪಾಳೆ ತಟ್ಟಿದರು. ಆದರೆ ಖಜಾಂಚಿಯವರಿಗೆ ಅರ್ಧ ಪರ್ಸೆಂಟಿನ ಸುದ್ದಿ ಅದಾಗಲೇ ಮುಟ್ಟಿತ್ತು. "ನೈವೇದ್ಯಕ್ಕೆ ಇಡೋ ಪಾನಕ ರಾಯರೇ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ರಾಯರು ವೇದಕಾಲದ ಸೋಮರಸದವರೆಗೂ ಹೋಗಿ ಬಂದರು, ಅದರಿಂದ ಅವರ ಪಕ್ಷ ಇನ್ನಷ್ಟು ದುರ್ಬಲವಾಯಿತು. ಪಾನಕದ ಹೊಣೆ ರಾಯರ ಮನೆಯವರಿಗೆ, ಮಾಮೂಲು ಪಾನಕ, ರಾಯರು ಡ್ರಮ್ಮಿನ ಹತ್ತಿರ ಸುಳಿಯಕೂಡದು ಎಂದು ತೀರ್ಮಾನವಾಯಿತು. ರಾಯರು ಮುನಿಸಿಕೊಂಡು ಹಿಂದಿನ ರಾತ್ರಿ ಚಾಮರಾಜಪೇಟೆ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ರಾಮೋತ್ಸವದ ಸಂಗೀತ ಕೇಳಲು ಹೋಗಿಬಿಟ್ಟರು.

ಮರುದಿನ ಮಧ್ಯಾಹ್ನ ಪೂಜೆ ಮುಗಿದು ಡ್ರಮ್ಮಿನ ಮುಚ್ಚಳ ತೆಗೆದರೆ ಮೇಲೆ ತೆಳ್ಳಗೆ ನೊರೆ. ಮೊದಲ ಲೋಟ ಕುಡಿದ ಹುಡುಗಿ ಮೂಗು ಉಜ್ಜಿಕೊಂಡು, "ಆಂಟಿ, ಇದು ಚುರ್ ಅನ್ನುತ್ತೆ!" ಎಂದಳು. ಅಷ್ಟೇ, ಸಾಲು ಗೇಟಿನವರೆಗೆ ಬೆಳೆಯಿತು. ಮಜ್ಜಿಗೆಯನ್ನು ಕೇಳುವವರಿಲ್ಲ. ನೀರು ಬಿಡುವ ಹುಡುಗ, ಇಸ್ತ್ರಿಯವನು, ಎದುರು ಕಟ್ಟಡದ ಗಾರೆ ಕೆಲಸದವರು ಎಲ್ಲರೂ ಎರಡೆರಡು ಸುತ್ತು ಬಂದರು. ಅಧ್ಯಕ್ಷರು ಲೋಟ ಕೆಳಗಿಟ್ಟು ರಾಯರ ಕಡೆ ತಿರುಗಿದರು. "ರಾಯರೇ, ನಿಜ ಹೇಳಿ." ರಾಯರು ಎದೆ ಮುಟ್ಟಿ ಆಣೆ ಮಾಡಿದರು. ಯಾರೂ ನಂಬಲಿಲ್ಲ. ನಂಬದಿರುವುದು ಅವರಿಗೆ ಎಷ್ಟು ಹಿತವಾಗಿತ್ತೆಂದರೆ, ಎರಡನೇ ಸಲ ಆಣೆ ಮಾಡುವಾಗ ದನಿ ಬೇಕೆಂದೇ ತಗ್ಗಿಸಿದರು.

ಸೌಟು ಹಿಡಿದಿದ್ದ ಅವರ ಮನೆಯವರು ತಲೆಯೆತ್ತದೆ ಹೇಳಿದರು: "ಒಣಶುಂಠಿ ಪುಡಿ ಸಾಲಲಿಲ್ಲ. ರಾತ್ರಿ ಅಂಗಡಿ ಮುಚ್ಚಿತ್ತು. ನಿಮ್ಮ ಜಾಡೀಲಿದ್ದದ್ದನ್ನೇ ಸೋಸಿ ಹಾಕಿದೆ."

ರಾಯರ ಮುಖದಲ್ಲಿ ನಾಲ್ಕೈದು ಭಾವಗಳು ಒಟ್ಟಿಗೆ ಬಂದು ದಾರಿ ಸಾಲದೆ ನಿಂತವು. "ಎಲ್ಲಾನೂ?"

"ಹೆಪ್ಪಿಗೆ ಎರಡು ಚಮಚ ಉಳಿಸಿದೀನಿ."

ರಾಯರು ಉಸಿರು ಬಿಟ್ಟರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಎಷ್ಟು ಹೊತ್ತಿಗೆ ಹಾಕಿದೆ, ನೀರು ಬಿಸಿಯಿತ್ತಾ, ಬೆಲ್ಲ ಎಷ್ಟು, ಮುಚ್ಚಳ ಬಿಗಿಯಿತ್ತಾ ಎಂದು ಒಂದೊಂದಾಗಿ ಕೇಳತೊಡಗಿದರು. ಎಲ್ಲದಕ್ಕೂ ಉತ್ತರ "ನೋಡಲಿಲ್ಲ" ಎಂಬುದೇ. ಖಜಾಂಚಿಯವರು ನೈವೇದ್ಯದ ಪ್ರಶ್ನೆಯನ್ನು ಮತ್ತೆ ಎತ್ತಿದರು. ರಾಯರು ಪ್ರಸಾದ ಕಟ್ಟಿದ್ದ ಕಾಗದದ ಹಿಂಬದಿಯಲ್ಲೇ ಲೆಕ್ಕ ಹಾಕಿ, ಇಷ್ಟು ಕಡಿಮೆ ಹೊತ್ತಿನಲ್ಲಿ ಪಾಯಿಂಟ್ ಒಂದು ಪರ್ಸೆಂಟು ದಾಟಿರಲಾರದು, ಬೇಕಾದರೆ ಬರೆದು ಸಹಿ ಹಾಕಿ ಕೊಡುತ್ತೇನೆ ಎಂದರು.

"ರಾಮ ಏನೂ ಅಂದಿಲ್ಲ" ಎಂದರು ಅವರ ಮನೆಯವರು. "ನೀವು ಸಹಿ ಆಮೇಲೆ ಹಾಕಿ. ಡ್ರಮ್ಮು ಶಾಮಿಯಾನದವನದು, ನಾಲ್ಕು ಗಂಟೆಗೆ ಬರ್ತಾನೆ, ತೊಳೆದುಕೊಡಿ."